ಏ.ಸಿ.ಗೆ ಗ್ಯಾಸ್ ಹಾಕಿಸುವ ಮುನ್ನ
ಹಳೆಯ ಪಿಕಪ್ ವಾಹನವುಳ್ಳ ಸದಸ್ಯರ ಗಮನಕ್ಕೆ



ಬೋರ್ಡೋ ದ್ರಾವಣ, ಕೊಳೆರೋಗ, ಕಾಯಿಕೊರಕ ಇವುಗಳ ವಿಚಾರ ಬರಬೇಕಾದ ಈ ಪುಟದಲ್ಲಿ ಪಿಕಪ್ ವಾಹನದ ಏ.ಸಿ.ಯ ವಿಚಾರವೇಕೆ ಎಂದು ತಾವು ಕೇಳಬಹುದು. ನಮ್ಮ ಮಲೆನಾಡಿನಲ್ಲಿ ಏ.ಸಿ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದು ನಾವೂ ಬಹುಕಾಲ ನಂಬಿದ್ದೆವು. ಕಳೆದ ಬೇಸಿಗೆಯಲ್ಲಿ ರಾಯಚೂರು ಜಿಲ್ಲೆಗೆ ಹೋಗಿಬಂದ ಮೇಲೆ ಆ ನಂಬಿಕೆ ಬಿಟ್ಟಿದ್ದೇವೆ. ಅಲ್ಲಿ ಆದ ತೊಂದರೆಯೂ ಅದರಿಂದ ಕಲಿತದ್ದೂ ಸದಸ್ಯರಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ರಾಯಚೂರಿನ ಪ್ರಯಾಣ

ನಮ್ಮ ತೋಟಗಳಿಗೆ ಕಾಫಿ ಕೊಯ್ಲಿಗೆ ಬರುವ ಕುಟುಂಬಗಳಲ್ಲಿ ಹಲವು ದೇವದುರ್ಗ ಮತ್ತು ಮಾನ್ವಿ ಕಡೆಯವು. ಕೊಯ್ಲು ಮುಗಿದು ಅವರು ಬಸ್ಸಿನಲ್ಲಿ ಊರಿಗೆ ಮರಳಿದ ಮೇಲೆ ಉಳಿದ ಲೆಕ್ಕ ಚುಕ್ತಾ ಮಾಡಲು ನಾವು ವರ್ಷಕ್ಕೊಮ್ಮೆ ಆ ಕಡೆ ಹೋಗುವುದುಂಟು. ಅದೇ ಪ್ರಯಾಣದಲ್ಲಿ ಮಾನ್ವಿಯಿಂದ ಸೋನಾಮಸೂರಿ ಅಕ್ಕಿಯನ್ನೂ ರಾಯಚೂರಿನಿಂದ ದನಗಳಿಗೆ ಹತ್ತಿಕಾಳು ಹಿಂಡಿಯನ್ನೂ ತರುತ್ತೇವೆ. ಶಿವಮೊಗ್ಗ, ಹರಿಹರ, ಹೊಸಪೇಟೆ, ಗಂಗಾವತಿ, ಸಿಂಧನೂರು ಹಾದು ನಾನೂರು ಕಿಲೋಮೀಟರಿಗೂ ಮೀರಿದ ದಾರಿ. ಹೋಗುವುದು ಸಂಘದ ಪಿಕಪ್ಪಿನಲ್ಲಿ. ಅದಕ್ಕೀಗ ಹದಿನಾಲ್ಕು ವರ್ಷ.

ಹೊರಡುವುದಕ್ಕೆ ಒಂದು ತಿಂಗಳ ಮೊದಲು ಏ.ಸಿ.ಯ ತಂಪು ಕಡಿಮೆಯಾದಂತೆ ತೋರಿತು. ಹತ್ತಿರದ ವರ್ಕ್‌ಶಾಪಿಗೆ ಕೊಟ್ಟೆವು. ಅಲ್ಲಿ ಯಾವ ಪರೀಕ್ಷೆಯನ್ನೂ ಮಾಡದೆ ‘ಗ್ಯಾಸ್ ಕಡಿಮೆಯಾಗಿದೆ’ ಎಂದು ಹೇಳಿ ತುಂಬಿಸಿದರು. ಎರಡು ವಾರದ ನಂತರ ಮತ್ತೆ ಅದೇ ದೂರು, ಮತ್ತೆ ಗ್ಯಾಸು, ಮತ್ತೆ ಬಿಲ್ಲು. ನಮ್ಮೂರ ಬೆಳಗಿನ ಹವೆಯಲ್ಲಿ ಪರೀಕ್ಷಿಸಿದಾಗ ತಂಪಾಗಿಯೇ ಇತ್ತು. ಹಣ ಕೊಟ್ಟು ಬಂದೆವು.

ಏಪ್ರಿಲ್ ಕೊನೆಯ ವಾರ ರಾತ್ರಿ ಹೊರಟೆವು. ಹೊಸಪೇಟೆಯವರೆಗೆ ಏನೂ ತಿಳಿಯಲಿಲ್ಲ. ಮಾನ್ವಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಇಂಜಿನ್ ಓಡಿಸಿಕೊಂಡು ಸರತಿಯಲ್ಲಿ ನಿಂತಾಗ ಏ.ಸಿ.ಯಿಂದ ಬಿಸಿ ಗಾಳಿ ಬರತೊಡಗಿತು. ಗಾಡಿ ಓಡಿದಾಗ ಅಲ್ಪಸ್ವಲ್ಪ ತಂಪು, ನಿಂತರೆ ಒಲೆಯ ಮುಂದೆ ಕೂತಂತೆ. ಸಿರವಾರ ದಾಟಿ ದೇವದುರ್ಗದ ದಾರಿ ಹಿಡಿದಾಗ ಮಧ್ಯಾಹ್ನ ಎರಡು ಗಂಟೆ. ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆ. ಇನ್ನೇನು ತಂಪಾದೀತೆಂಬ ಆಸೆಯಿಂದ ಗಾಜು ಏರಿಸಿಕೊಂಡೇ ಹೋದದ್ದು ನಮ್ಮ ಮೂರ್ಖತನ. ಚಾಲಕನಿಗೆ ತಲೆಸುತ್ತು ಬಂದು ಗಾಡಿ ರಸ್ತೆಯ ಅಂಚಿಗೆ ವಾಲಿತು. ಪಕ್ಕದಲ್ಲಿದ್ದ ನಾವು ಸ್ಟಿಯರಿಂಗ್ ಹಿಡಿದು ಹೇಗೋ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಆತ ಇಳಿದವನೇ ವಾಂತಿ ಮಾಡಿಕೊಂಡ. ಎದುರಿನ ಹೊಲದ ಗುಡಿಸಲಿನಿಂದ ಒಬ್ಬ ಅಜ್ಜಿ ತಣ್ಣೀರನ್ನೂ ಮಜ್ಜಿಗೆಯನ್ನೂ ತಂದುಕೊಟ್ಟು, “ಇಂಥ ಬಿಸಲಾಗ ಗಾಡಿ ಹೊಡಿತಾರೇನ್ರಿ ಯಪ್ಪಾ?” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಬೆಳಿಗ್ಗೆ ರಾಯಚೂರಿನಲ್ಲಿ ಒಬ್ಬ ವಯಸ್ಸಾದ ಮಿಸ್ತ್ರಿಯ ಬಳಿಗೆ ಗಾಡಿ ಒಯ್ದು, ಗ್ಯಾಸ್ ತುಂಬಿಸಿರೆಂದು ಕೇಳಿದೆವು. ಅವರು ಮೀಟರು ಹಚ್ಚಿ ನೋಡಿ ನಕ್ಕರು. “ಗ್ಯಾಸ್ ಭರ್ತಿ ಅದರಿ ಸಾಹೇಬ್ರ. ಗಾಡಿಗಿ ಉಸಿರು ಕಟ್ಯಾದ. ಮೊದ್ಲ ಮೂಗು ತೊಳೀರಿ” ಎಂದರು. ಅವರು ಏನನ್ನು ನೋಡಿದರು, ಏಕೆ ನೋಡಿದರು ಎಂಬುದು ಅರ್ಥವಾಗಬೇಕಾದರೆ ಈ ಯಂತ್ರ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ತಿಳಿಯಬೇಕು.

ಏ.ಸಿ. ಹೇಗೆ ಕೆಲಸ ಮಾಡುತ್ತದೆ

ಏ.ಸಿ. ತಂಪನ್ನು ಹುಟ್ಟಿಸುವುದಿಲ್ಲ. ಗಾಡಿಯೊಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುವುದಷ್ಟೇ ಅದರ ಕೆಲಸ. ಶಾಖ ಹೊರುವ ಕೂಲಿಯೇ ನಾವು ಗ್ಯಾಸ್ ಎಂದು ಕರೆಯುವ ವಸ್ತು. ಇಂದು ರಸ್ತೆಯಲ್ಲಿರುವ ಹಳೆಯ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್-134ಎ. ತೆರೆದ ಹವೆಯಲ್ಲಿ ಇದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಒದ್ದೆ ಅಂಗಿ ಒಣಗುವಾಗ ಮೈಗೆ ತಂಪಾಗುವಂತೆ, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನಲ್ಲಿ ಈ ದ್ರವ ಆವಿಯಾಗುವಾಗ ಸುತ್ತಲಿನ ಗಾಳಿಯಿಂದ ಶಾಖವನ್ನು ಎಳೆದುಕೊಳ್ಳುತ್ತದೆ. ಬ್ಲೋವರ್ ಆ ತಂಪು ಗಾಳಿಯನ್ನು ನಮ್ಮ ಕಡೆ ತಳ್ಳುತ್ತದೆ.

ಆವಿಯನ್ನು ಕಂಪ್ರೆಸರ್ ಅದುಮಿ, ರೇಡಿಯೇಟರಿನ ಮುಂದೆ ನಿಂತಿರುವ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಪುನಃ ದ್ರವವಾಗುತ್ತದೆ. ತೇವ ಹೀರುವ ಡ್ರೈಯರ್ ಡಬ್ಬಿಯನ್ನೂ ಸಣ್ಣ ಕಂಡಿಯ ಎಕ್ಸ್‌ಪ್ಯಾನ್ಷನ್ ವಾಲ್ವನ್ನೂ ದಾಟಿ ಮತ್ತೆ ಕೂಲಿಂಗ್ ಕಾಯಿಲಿಗೆ ಬರುತ್ತದೆ. ಈ ಸುತ್ತು ಮುಚ್ಚಿದ ಸುತ್ತು. ಡೀಸೆಲ್ಲಿನಂತೆ ಗ್ಯಾಸು ಉರಿದು ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸದಸ್ಯರು ನೆನಪಿಡಬೇಕಾದ ಮುಖ್ಯ ಮಾತು ಇದೇ.

ಶಾಖ ಯಾವಾಗಲೂ ಬಿಸಿಯಿಂದ ತಂಪಿನ ಕಡೆ ಹರಿಯುತ್ತದೆ. ಆದ್ದರಿಂದ ಕಂಡೆನ್ಸರು ಹೊರಗಿನ ಗಾಳಿಗಿಂತ ಬಿಸಿಯಾಗಿರಲೇಬೇಕು. ನಮ್ಮಲ್ಲಿ ಹವೆ 27 ಡಿಗ್ರಿ ಇದ್ದಾಗ ಕಂಡೆನ್ಸರು 45 ಡಿಗ್ರಿಗೆ ಏರಿದರೆ ಸಾಕು, ಆಗ ಒಳಗಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 150 ಪೌಂಡ್. ದೇವದುರ್ಗದಲ್ಲಿ 42 ಡಿಗ್ರಿ ಇದ್ದಾಗ ಅದು 60 ಡಿಗ್ರಿ ದಾಟಬೇಕು, ಒತ್ತಡವೂ 230 ಪೌಂಡ್ ಮೀರಬೇಕು. ಇದಿಷ್ಟು ಕಂಡೆನ್ಸರು ಸ್ವಚ್ಛವಾಗಿದ್ದಾಗಿನ ಮಾತು. ಕೊಳೆ ಕಟ್ಟಿದ್ದರೆ ಒತ್ತಡ ಇನ್ನೂ ಏರಿ, ಇಂಜಿನ್ನಿಗೆ ಭಾರವಾಗಿ, ಕೊನೆಗೆ ರಕ್ಷಣೆಯ ಸ್ವಿಚ್ಚು ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಮಲೆನಾಡಿನಲ್ಲಿ ಅಡಗಿರುವ ದೋಷ ರಾಯಚೂರಿನಲ್ಲಿ ಬಯಲಾಗುವುದು ಹೀಗೆ.

ಮಿಸ್ತ್ರಿ ಕಂಡ ಮೂರು ದೋಷಗಳು

ಮೊದಲನೆಯದಾಗಿ, ಇಂಜಿನ್ ಓಡುತ್ತಿರುವಾಗಲೇ ಅವರು ಕಂಡೆನ್ಸರಿನ ಮೇಲೆ ಒಂದು ಬಕೆಟ್ ನೀರನ್ನು ನಿಧಾನವಾಗಿ ಸುರಿದರು. ಒಂದೆರಡು ನಿಮಿಷದಲ್ಲಿ ಒಳಗೆ ಗಾಳಿ ತಣ್ಣಗಾಯಿತು. ನೀರು ಸುರಿದಾಗ ತಂಪು ಮರಳಿದರೆ ದೋಷ ಕಂಡೆನ್ಸರಿನಲ್ಲಿ ಅಥವಾ ಅದರ ಫ್ಯಾನಿನಲ್ಲಿದೆ ಎಂದು ತಿಳಿಯಬೇಕು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರೂ ಮಾಡಬಹುದು. ನೀರು ಸುರಿಯುವಾಗ ಕೈ, ಪಂಚೆ, ಟವೆಲ್ಲು ಫ್ಯಾನು ಮತ್ತು ಬೆಲ್ಟಿನಿಂದ ದೂರವಿರಲಿ. ಮುಂದಿನ ಜಾಲರಿ ಬಿಚ್ಚಿ ನೋಡಿದಾಗ ಕಂಡೆನ್ಸರಿನ ತೆಳು ಪಟ್ಟಿಗಳ ನಡುವೆ ನಮ್ಮ ತೋಟದ ಕೆಂಪು ಮಣ್ಣು, ಕಾಫಿ ಹೊಟ್ಟು, ಅಡಿಕೆ ಸಿಪ್ಪೆಯ ನಾರು, ಅದರ ಮೇಲೆ ಆ ಸೀಮೆಯ ಎರೆಮಣ್ಣಿನ ಧೂಳು ಮತ್ತು ಹತ್ತಿಯ ಎಳೆ ಕಂಬಳಿಯಂತೆ ಅಂಟಿಕೊಂಡಿದ್ದವು.

ಎರಡನೆಯದಾಗಿ, ಗ್ಯಾಸನ್ನು ಯಂತ್ರದಿಂದ ಹೊರತೆಗೆದು ತೂಗಿದಾಗ ಇರಬೇಕಾದುದಕ್ಕಿಂತ ಸುಮಾರು 150 ಗ್ರಾಂ ಹೆಚ್ಚಿತ್ತು. ಎರಡು ಸಲ ತುಂಬಿಸಿದ್ದರ ಫಲ ಇದು. ಹೆಚ್ಚಾದ ಗ್ಯಾಸ್ ಕಂಡೆನ್ಸರಿನಲ್ಲಿ ದ್ರವವಾಗಿ ನಿಂತು, ಶಾಖ ಬಿಡುವ ಜಾಗವನ್ನೇ ಕಿರಿದು ಮಾಡುತ್ತದೆ. ರೋಗ ಗುಣವಾಗಲೆಂದು ನಾವು ಕೊಂಡ ಮದ್ದೇ ರೋಗವನ್ನು ಹೆಚ್ಚಿಸಿತ್ತು.

ಮೂರನೆಯದಾಗಿ, ಹೀಟರಿಗೆ ಹೋಗುವ ಬಿಸಿನೀರಿನ ಟ್ಯಾಪು ಪೂರ್ತಿ ಮುಚ್ಚುತ್ತಿರಲಿಲ್ಲ. ಮಾಗಿಯ ಚಳಿಯಲ್ಲಿ ನಾವು ಹೀಟರ್ ಹಾಕುತ್ತೇವೆ. ಬೇಸಿಗೆಯಲ್ಲಿ ಗುಂಡಿಯನ್ನು ತಂಪಿನ ಕಡೆ ತಿರುಗಿಸಿದರೂ ಕೇಬಲ್ ತುಕ್ಕು ಹಿಡಿದು ಟ್ಯಾಪು ಅರ್ಧ ತೆರೆದೇ ಇತ್ತು. ಒಂದು ಕಡೆ ಏ.ಸಿ. ಗಾಳಿಯನ್ನು ತಣಿಸುತ್ತಿತ್ತು, ಇನ್ನೊಂದು ಕಡೆ ಹೀಟರು ಅದೇ ಗಾಳಿಯನ್ನು ಕಾಯಿಸುತ್ತಿತ್ತು. ಕೇಬಲ್ಲಿಗೆ ಎಣ್ಣೆ ಹಾಕಿ ಬಿಗಿ ಸರಿಪಡಿಸಿದ್ದಕ್ಕೆ ಮಿಸ್ತ್ರಿ ಹಣವನ್ನೇ ಪಡೆಯಲಿಲ್ಲ.

ಲಕ್ಷಣ ನೋಡಿ ದೋಷ ಗುರುತಿಸುವುದು

ಸದಸ್ಯರು ತಮ್ಮ ಗಾಡಿಯನ್ನು ಮನೆಯಂಗಳದಲ್ಲೇ ಈ ಕೆಳಗಿನ ಕ್ರಮದಲ್ಲಿ ನೋಡಿಕೊಳ್ಳಬಹುದು.

1. ಗಾಳಿಯೇ ಬರುವುದಿಲ್ಲ: ದೋಷ ಬ್ಲೋವರಿನದು, ಗ್ಯಾಸಿನದಲ್ಲ. ಮೊದಲು ಫ್ಯೂಸ್, ರಿಲೇ ನೋಡಬೇಕು. ಕೊನೆಯ ವೇಗದಲ್ಲಿ ಮಾತ್ರ ಗಾಳಿ ಬಂದು ಉಳಿದ ವೇಗಗಳಲ್ಲಿ ಬಾರದಿದ್ದರೆ ಬ್ಲೋವರಿನ ರೆಸಿಸ್ಟರ್ ಸುಟ್ಟಿರುವ ಸಂಭವವೇ ಹೆಚ್ಚು. ಅದು ಸಣ್ಣ ಬಿಡಿಭಾಗ.

2. ಗಾಳಿ ತಂಪಾಗಿದೆ, ಆದರೆ ಜೋರಿಲ್ಲ: ಗಾಜಿನ ಕೆಳಗಿರುವ ಗಾಳಿಯ ಕಿಂಡಿಯಲ್ಲಿ ತರಗೆಲೆ ತುಂಬಿರಬಹುದು. ಫಿಲ್ಟರ್ ಇರುವ ಗಾಡಿಯಾದರೆ ಅದು ಕಟ್ಟಿರಬಹುದು. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಗಾಡಿಯ ಬ್ಲೋವರಿನಲ್ಲಿ ಇಲಿ ಗೂಡು ಕಟ್ಟುವುದೂ ವೈರು ಕಡಿಯುವುದೂ ಅಪರೂಪವಲ್ಲ.

3. ಗಾಳಿ ಜೋರಾಗಿದೆ, ತಂಪು ಸ್ವಲ್ಪವೂ ಇಲ್ಲ: ಇಂಜಿನ್ ಓಡುವಾಗ ಏ.ಸಿ. ಗುಂಡಿ ಒತ್ತಿ ಬಾನೆಟ್ಟಿನ ಬಳಿ ಕಿವಿಗೊಡಬೇಕು. ಕಂಪ್ರೆಸರಿನ ಕ್ಲಚ್ಚು ‘ಟಕ್’ ಎಂದು ಹಿಡಿಯಬೇಕು, ಪುಲ್ಲಿಯ ನಡುವಿನ ತಟ್ಟೆ ತಿರುಗಬೇಕು. ಹಿಡಿಯದಿದ್ದರೆ ಫ್ಯೂಸ್, ರಿಲೇ, ವೈರು, ಒತ್ತಡದ ಸ್ವಿಚ್ಚು, ಕ್ಲಚ್ ಕಾಯಿಲು ಇವುಗಳಲ್ಲಿ ಒಂದು ಕೆಟ್ಟಿರಬಹುದು. ಗ್ಯಾಸ್ ಪೂರ್ತಿ ಖಾಲಿಯಾದರೂ ಸ್ವಿಚ್ಚು ಕ್ಲಚ್ಚನ್ನು ತಡೆಯುತ್ತದೆ. ವೈರನ್ನು ನೇರವಾಗಿ ಜೋಡಿಸಿ ಕಂಪ್ರೆಸರನ್ನು ಬಲವಂತವಾಗಿ ಓಡಿಸಬಾರದು. ಗ್ಯಾಸಿನೊಡನೆ ಸುತ್ತುವ ಎಣ್ಣೆಯೇ ಅದರ ಉಸಿರು, ಎಣ್ಣೆಯಿಲ್ಲದೆ ಓಡಿದರೆ ಕಂಪ್ರೆಸರ್ ಹಿಡಿದುಕೊಳ್ಳುತ್ತದೆ.

4. ಓಡುವಾಗ ತಂಪು, ನಿಂತಾಗ ಬಿಸಿ: ಕಂಡೆನ್ಸರ್ ಕಟ್ಟಿದೆ ಅಥವಾ ಅದರ ಮುಂದಿನ ಎಲೆಕ್ಟ್ರಿಕ್ ಫ್ಯಾನು ತಿರುಗುತ್ತಿಲ್ಲ. ಮೇಲೆ ಹೇಳಿದ ನೀರಿನ ಪರೀಕ್ಷೆ ಮಾಡಿ ನೋಡಬೇಕು.

5. ಮೊದಲು ಒಳ್ಳೆಯ ತಂಪು, ಅರ್ಧ ಗಂಟೆಯ ನಂತರ ಗಾಳಿಯೇ ಕ್ಷೀಣ: ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿದೆ. ಏ.ಸಿ. ಆರಿಸಿ ಬ್ಲೋವರನ್ನು ಮಾತ್ರ ಹತ್ತು ನಿಮಿಷ ಓಡಿಸಿ. ಗಾಳಿ ಮರಳಿದರೆ ಥರ್ಮೋಸ್ಟಾಟ್ ಅಥವಾ ಅದರ ಸೆನ್ಸರನ್ನು ತೋರಿಸಬೇಕು.

6. ಕಂಪ್ರೆಸರ್ ಸರಿಯಿದೆ, ಕಂಡೆನ್ಸರ್ ಸ್ವಚ್ಛವಿದೆ, ಆದರೂ ಗಾಳಿ ಉಗುರುಬೆಚ್ಚಗಿದೆ: ಹೀಟರಿನ ಎರಡೂ ರಬ್ಬರ್ ಪೈಪುಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಬೇಕು. ಟ್ಯಾಪು ಇರುವ ಗಾಡಿಯಲ್ಲಿ ಗುಂಡಿ ತಂಪಿನ ಕಡೆ ಇದ್ದರೂ ಎರಡೂ ಪೈಪು ಬಿಸಿಯಾಗಿದ್ದರೆ ಟ್ಯಾಪು ಮುಚ್ಚಿಲ್ಲ. ಟ್ಯಾಪಿನ ಬದಲು ಒಳಗೆ ಗಾಳಿಯ ಬಾಗಿಲು ಇರುವ ಗಾಡಿಗಳಲ್ಲಿ ಅದರ ಕೇಬಲ್ ನೋಡಬೇಕು.

7. ಕಾಲ ಬುಡದಲ್ಲಿ ನೀರು: ಏ.ಸಿ. ಓಡುವಾಗ ಗಾಡಿಯ ಕೆಳಗೆ ನೀರು ತೊಟ್ಟಿಕ್ಕುವುದು ದೋಷವಲ್ಲ. ಗಾಳಿಯ ತೇವ ಹನಿಯಾಗಿ ಹೊರಬೀಳುತ್ತದೆ. ಆ ನೀರು ಒಳಗೆ ಬಂದರೆ ಡ್ರೈನ್ ಪೈಪು ಕಟ್ಟಿದೆ.

ಕಂಡೆನ್ಸರನ್ನು ತೊಳೆಯುವಾಗ ಇಂಜಿನ್ ಆರಿಸಿ, ಫ್ಯಾನಿನ ವೈರು ಕಳಚಿ, ಪೂರ್ತಿ ಆರಿದ ಮೇಲೆ ಸಾಧಾರಣ ಪೈಪಿನ ನೀರನ್ನು ಒಳಗಿನಿಂದ ಹೊರಕ್ಕೆ ಬಿಡಬೇಕು. ನಾವು ಗಾಡಿ ತೊಳೆಯಲು ಬಳಸುವ ಸ್ಪ್ರೇ ಪಂಪಿನ ಜೋರುಧಾರೆಯನ್ನು ಹಿಡಿದರೆ ತೆಳು ಪಟ್ಟಿಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ.

ಗ್ಯಾಸ್ ನಿಜವಾಗಿಯೂ ಕಡಿಮೆಯಿದ್ದರೆ

ಪೈಪಿನ ಜೋಡಣೆಗಳಲ್ಲಿ ಎಣ್ಣೆಯ ಜಿಡ್ಡು ಕಂಡರೆ ಅಲ್ಲಿ ಸೋರಿಕೆ ಇದೆಯೆಂದು ಶಂಕಿಸಬೇಕು. ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆ ಎದ್ದೀತು. ಆದರೆ ಪೈಪು ಬಿಚ್ಚುವ ಕೆಲಸಕ್ಕೆ ಸದಸ್ಯರು ಕೈಹಾಕಬಾರದು. ಚಿಮ್ಮಿದ ದ್ರವ ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು.

ವರ್ಕ್‌ಶಾಪಿನವರಲ್ಲಿ ಈ ಐದನ್ನು ಕೇಳಿ ಪಡೆಯಬೇಕು. ಸೋರುವ ಜಾಗವನ್ನು ನೈಟ್ರೋಜನ್ ಒತ್ತಡದಿಂದ ಅಥವಾ ಬಣ್ಣದ ಪರೀಕ್ಷೆಯಿಂದ ಕಂಡುಹಿಡಿದು ಮೊದಲು ಅದನ್ನು ಮುಚ್ಚಬೇಕು. ಸುತ್ತನ್ನು ತೆರೆದ ಮೇಲೆ ಡ್ರೈಯರ್ ಬದಲಿಸಬೇಕು. ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿ ತೇವವನ್ನೂ ಗಾಳಿಯನ್ನೂ ತೆಗೆಯಬೇಕು. ಹೋದ ಎಣ್ಣೆಯನ್ನು ಅದೇ ಜಾತಿಯ ಎಣ್ಣೆಯಿಂದ ತುಂಬಬೇಕು. ಗ್ಯಾಸನ್ನು ತೂಗಿಯೇ ಹಾಕಬೇಕು. ಎಷ್ಟು ಗ್ರಾಂ ಎಂಬುದು ಸಾಮಾನ್ಯವಾಗಿ ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಇರುತ್ತದೆ.

ನಿಂತ ಗಾಡಿಗೆ ಮೀಟರು ಹಚ್ಚಿ ‘ಒತ್ತಡ ಇಷ್ಟಿದೆ, ಗ್ಯಾಸು ಸರಿಯಿದೆ’ ಎನ್ನುವುದನ್ನು ನಂಬಬಾರದು. ಒಳಗೆ ಸ್ವಲ್ಪವಾದರೂ ದ್ರವ ಉಳಿದಿರುವ ತನಕ, 30 ಡಿಗ್ರಿ ಹವೆಯಲ್ಲಿ ಅರ್ಧ ತುಂಬಿದ್ದರೂ ಪೂರ್ತಿ ತುಂಬಿದ್ದರೂ ಒತ್ತಡ ಸುಮಾರು 95 ಪೌಂಡೇ ಇರುತ್ತದೆ. ಅಡಿಗೆ ಗ್ಯಾಸಿನ ಸಿಲಿಂಡರನ್ನು ನಾವು ತೂಕದಿಂದ ಅಳೆಯುವುದೂ ಇದೇ ಕಾರಣಕ್ಕೆ. ಅಂದಹಾಗೆ, ಅಡಿಗೆ ಗ್ಯಾಸಿನಂಥ ಉರಿಯುವ ಅನಿಲವನ್ನು ಅಗ್ಗವೆಂದು ಏ.ಸಿ.ಗೆ ತುಂಬುವವರಿದ್ದಾರೆ. ಇದಕ್ಕೆ ಎಂದೂ ಒಪ್ಪಬಾರದು. ಸೋರಿದರೆ ಮುಚ್ಚಿದ ಕ್ಯಾಬಿನ್ನಿನಲ್ಲಿ ಒಂದು ಕಿಡಿ ಸಾಕು.

ಹಳೆಯ ಗ್ಯಾಸನ್ನು ಗಾಳಿಗೆ ಬಿಡುವ ಅಭ್ಯಾಸವೂ ಒಳ್ಳೆಯದಲ್ಲ. ಮೊದಲು ವಾಹನಗಳಲ್ಲಿದ್ದ ಆರ್-12 ಓಜೋನ್ ಪದರವನ್ನು ಕೆಡಿಸುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಲವುಳ್ಳದ್ದು. ಇಂಥ ಅನಿಲಗಳನ್ನು ಹಂತಹಂತವಾಗಿ ತಗ್ಗಿಸುವ 2016ರ ಕಿಗಾಲಿ ತಿದ್ದುಪಡಿಗೆ ಭಾರತವೂ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಹೂಮಳೆ ತಪ್ಪಿದರೆ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಮಳೆಗಾಲದಲ್ಲಿಯೂ ಓಡಿಸಿ

ಜೂನಿನಿಂದ ಜನವರಿಯವರೆಗೆ ನಾವು ಏ.ಸಿ.ಯನ್ನು ಮುಟ್ಟುವುದೇ ಇಲ್ಲ. ಕಂಪ್ರೆಸರಿನ ದಂಡದ ಸೀಲಿಗೆ ಎಣ್ಣೆ ತಲುಪುವುದು ಅದು ಓಡಿದಾಗ ಮಾತ್ರ. ತಿಂಗಳುಗಟ್ಟಲೆ ನಿಂತರೆ ಸೀಲು ಒಣಗಿ ಗ್ಯಾಸು ಸೋರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸುವುದು ಲೇಸು. ಇದರಿಂದ ಇನ್ನೊಂದು ಲಾಭವಿದೆ. ವಿಲ್ಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಇಂಜಿನಿಯರು 1902ರಲ್ಲಿ ಈ ಯಂತ್ರವನ್ನು ರೂಪಿಸಿದ್ದೇ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದ ಹವೆಯಲ್ಲಿನ ತೇವವನ್ನು ಹತೋಟಿಗೆ ತರಲು. ಆಷಾಢದ ಮಳೆಯಲ್ಲಿ ಘಟ್ಟ ಇಳಿಯುವಾಗ ಏ.ಸಿ. ಹಾಕಿದರೆ ಗಾಜಿನ ಒಳಗಿನ ಮಂಜು ಬೇಗ ಕರಗುತ್ತದೆ.

ಬಿಸಿಲು ಸೀಮೆಗೆ ಹೋಗುವವರಿಗೆ

ಏ.ಸಿ. ಸರಿಯಿದ್ದರೂ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನೆರಳಿನಲ್ಲಿ ತಂಗುವುದು ಜಾಣತನ. ಆ ಊರಿನವರು ಹಾಗೆಯೇ ಮಾಡುತ್ತಾರೆ. ಬಿಸಿಲಲ್ಲಿ ನಿಂತ ಗಾಡಿಯನ್ನು ಹತ್ತಿದ ಕೂಡಲೇ ಗಾಜುಗಳನ್ನು ಇಳಿಸಿ ಒಂದೆರಡು ನಿಮಿಷ ಬಿಸಿ ಗಾಳಿ ಹೊರಹೋಗಲು ಬಿಟ್ಟು, ಆಮೇಲೆ ಗಾಜು ಏರಿಸಿ ಒಳಗಿನ ಗಾಳಿಯೇ ಸುತ್ತುವಂತೆ ಲಿವರನ್ನು ತಿರುಗಿಸಬೇಕು. ಏ.ಸಿ. ಕೈಕೊಟ್ಟರೆ ಗಾಜು ಮುಚ್ಚಿಕೊಂಡು ಕೂರಬಾರದು. ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ ಕಂಡರೆ ಗಾಡಿ ನಿಲ್ಲಿಸಿ, ನೆರಳಿಗೆ ಹೋಗಿ, ಮೈಗೆ ನೀರು ಹಾಕಿ, ಉಪ್ಪು ಸಕ್ಕರೆ ಬೆರೆಸಿದ ನೀರನ್ನೋ ಮಜ್ಜಿಗೆಯನ್ನೋ ಕುಡಿಯಬೇಕು. ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆಮಾಡಿ, ಬರುವತನಕ ಮೈಯನ್ನು ತಣ್ಣೀರಿನಿಂದ ಒದ್ದೆಯಾಗಿಡಬೇಕು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಏ.ಸಿ. ಇರಲೇಬೇಕೆಂದು ಕೇಂದ್ರ ಸರ್ಕಾರ ನಿಯಮ ಮಾಡಿದೆ. ಮೂರೂವರೆ ಟನ್ನಿನೊಳಗಿನ ನಮ್ಮ ಪಿಕಪ್ಪುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಬಿಸಿಲು ಗಾಡಿಯ ತೂಕ ನೋಡುವುದಿಲ್ಲ. ನಮ್ಮ ಚಾಲಕರ ಯೋಗಕ್ಷೇಮ ನಮ್ಮದೇ ಹೊಣೆ.

ಸಂಘದ ರಿಪೇರಿ ಖಾತೆಯಲ್ಲಿ ಎರಡು ಗ್ಯಾಸ್ ಬಿಲ್ಲುಗಳು ಇವೆ. ಅವು ಸದಸ್ಯರ ಹಣ. ಪರೀಕ್ಷೆ ಮಾಡಿಸದೆ ಪಾವತಿಗೆ ಸಹಿ ಹಾಕಿದ ತಪ್ಪು ನಮ್ಮದೆಂದು ಆಡಳಿತ ಮಂಡಳಿಯ ಮುಂದೆ ಒಪ್ಪಿಕೊಂಡಿದ್ದೇವೆ. ಇನ್ನು ಮುಂದೆ ಸಂಘದ ವಾಹನಗಳಿಗೆ ಸೋರಿಕೆಯ ಜಾಗವನ್ನೂ ಹಾಕಿದ ಗ್ಯಾಸಿನ ತೂಕವನ್ನೂ ಬರೆಯದ ಬಿಲ್ಲನ್ನು ಪಾವತಿ ಮಾಡಲಾಗುವುದಿಲ್ಲ. ಸದಸ್ಯರೂ ತಮ್ಮ ಗಾಡಿಗಳ ವಿಷಯದಲ್ಲಿ ಇದನ್ನೇ ಅನುಸರಿಸಬೇಕೆಂದು ಕೋರುತ್ತೇವೆ. ಮುಂದಿನ ಬೇಸಿಗೆಯಲ್ಲಿ ಬಯಲುಸೀಮೆಗೆ ಹೊರಡುವವರು ಹೊರಡುವ ಮುನ್ನ ಕಂಡೆನ್ಸರಿಗೆ ನೀರು ಬಿಟ್ಟು ನೋಡಿ.

— ಕಾರ್ಯದರ್ಶಿ